ದಾರಿಯಿಂದ ಹೆಸರಿನತ್ತ: ಇ-ಮೇಲ್ ವಿಳಾಸಗಳ ಮರುಬರಹದ ಇತಿಹಾಸ

ಪೀಠಿಕೆ

ಇ-ಮೇಲ್ ಬರೆದವರು ಕೊಟ್ಟ ವಿಳಾಸವೂ ಅದನ್ನು ತಲುಪಿಸುವ ಸರ್ವರ್ ಬಳಸುವ ವಿಳಾಸವೂ ಒಂದೇ ಆಗಿರಬೇಕೆಂದಿಲ್ಲ. ಪ್ರತಿ ಸಂದೇಶದಲ್ಲಿ ಎರಡು ಜೋಡಿ ವಿಳಾಸಗಳಿರುತ್ತವೆ. ಓದುವವರ ಕಣ್ಣಿಗೆ ಬೀಳುವ ‘ಫ್ರಮ್’ ಮತ್ತು ‘ಟು’ ಸಾಲುಗಳು ಹೆಡರ್‌ಗೆ ಸೇರಿದವು. ಸರ್ವರ್‌ಗಳು ಎಸ್‌ಎಂಟಿಪಿ ಎಂಬ ಮೇಲ್ ಸಾಗಣೆಯ ನಿಯಮದಂತೆ ಪರಸ್ಪರ ತಿಳಿಸಿಕೊಳ್ಳುವ ಇನ್ನೊಂದು ಜೋಡಿ ಲಕೋಟೆಗೆ ಸೇರಿದ್ದು. ಈ ನಾಲ್ಕರಲ್ಲಿ ಯಾವುದನ್ನಾದರೂ ಬದಲಿಸುವ ಶಕ್ತಿ ಮೇಲ್ ಸರ್ವರ್‌ಗೆ ಇದೆ. ಹೀಗೆ ಬದಲಿಸುವುದನ್ನು ಈ ಲೇಖನದಲ್ಲಿ ಮರುಬರಹ ಎಂದೂ, ವಿಳಾಸ ನೋಡಿ ಸಂದೇಶವನ್ನು ಮುಂದೆ ಯಾವ ಯಂತ್ರಕ್ಕೆ ದಾಟಿಸಬೇಕೆಂದು ನಿರ್ಧರಿಸುವುದನ್ನು ರೂಟಿಂಗ್ ಎಂದೂ ಕರೆದಿದ್ದೇನೆ.

ಇಲ್ಲಿ ಮಂಡಿಸುವ ವಾದ ಇಷ್ಟು. 1970 ಮತ್ತು 80ರ ದಶಕಗಳಲ್ಲಿ ಹಲವು ವಿಳಾಸಗಳು ದಾರಿಯ ವಿವರಣೆಗಳಾಗಿದ್ದವು. ಆದ್ದರಿಂದ ನಡುವಿನ ಪ್ರತಿ ಯಂತ್ರವೂ ಅವನ್ನು ತಿದ್ದಲೇಬೇಕಿತ್ತು. ಡೊಮೈನ್ ವ್ಯವಸ್ಥೆ ಬಂದ ಮೇಲೆ ವಿಳಾಸವೆಂಬುದು ಹೆಸರಾಯಿತು. ತಿದ್ದುವ ಅಧಿಕಾರ ನಡುವಿನ ಯಂತ್ರಗಳ ಕೈಬಿಟ್ಟು ಎರಡು ತುದಿಗಳಿಗೆ ಸರಿಯಿತು. ಕನ್ನಡ ಲಿಪಿಯ ಇ-ಮೇಲ್ ವಿಳಾಸ ಇಂದು ಸಾಧ್ಯವಾಗಿರುವುದಕ್ಕೆ ಈ ಬದಲಾವಣೆಯೇ ತಳಹದಿ.

1. ಹಲವು ಜಾಲ, ಹಲವು ವ್ಯಾಕರಣ

1971ರಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆಯ ರೇ ಟಾಮ್ಲಿನ್‌ಸನ್ ಅರ್ಪಾನೆಟ್ ಜಾಲದ ಎರಡು ಯಂತ್ರಗಳ ನಡುವೆ ಸಂದೇಶ ಕಳುಹಿಸಿದರು. ಬಳಕೆದಾರರ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಆರಿಸಿಕೊಂಡ ಚಿಹ್ನೆ @. ಅರ್ಪಾನೆಟ್‌ನಲ್ಲಿ ಒಂದು ಯಂತ್ರ ಇನ್ನೊಂದನ್ನು ನೇರವಾಗಿ ತಲುಪಬಹುದಾಗಿತ್ತು. ಹೀಗಾಗಿ ವಿಳಾಸದಲ್ಲಿ ದಾರಿ ಹೇಳುವ ಪ್ರಮೇಯವೇ ಇರಲಿಲ್ಲ.

ಯುನಿಕ್ಸ್ ಲೋಕದ ಸ್ಥಿತಿ ಬೇರೆಯಿತ್ತು. ಬೆಲ್ ಪ್ರಯೋಗಾಲಯದ ಮೈಕ್ ಲೆಸ್ಕ್ 1970ರ ದಶಕದಲ್ಲಿ ಬರೆದ ಯುಯುಸಿಪಿ ಎಂಬ ತಂತ್ರಾಂಶ, ಸಾಮಾನ್ಯ ಟೆಲಿಫೋನ್ ಲೈನ್ ಮೇಲೆ ಮೋಡೆಮ್ ಬಳಸಿ ಯಂತ್ರದಿಂದ ಯಂತ್ರಕ್ಕೆ ಕಡತಗಳನ್ನು ಸಾಗಿಸುತ್ತಿತ್ತು. ಪ್ರತಿ ಯಂತ್ರಕ್ಕೂ ಗೊತ್ತಿದ್ದದ್ದು ತಾನು ಕರೆ ಮಾಡುವ ನೆರೆಯ ಯಂತ್ರಗಳು ಮಾತ್ರ. ದೂರದವರಿಗೆ ಬರೆಯುವವರು ಇಡೀ ದಾರಿಯನ್ನು ತಾವೇ ವಿಳಾಸದಲ್ಲಿ ಹೇಳಬೇಕಿತ್ತು. ಉದಾಹರಣೆಗೆ ‘ಕ!ಖ!ಗ!ರಮೇಶ’ ಎಂದರೆ ಮೊದಲು ‘ಕ’ ಯಂತ್ರಕ್ಕೆ, ಅಲ್ಲಿಂದ ‘ಖ’ಕ್ಕೆ, ನಂತರ ‘ಗ’ಕ್ಕೆ, ಕೊನೆಗೆ ಅಲ್ಲಿನ ರಮೇಶರಿಗೆ ಎಂದರ್ಥ. ಇದು ಮನೆಯ ಹೆಸರು ಹೇಳುವ ಬದಲು ಯಾವ ತಿರುವಿನಲ್ಲಿ ಎಡಕ್ಕೆ, ಯಾವ ಮರದ ಬಳಿ ಬಲಕ್ಕೆ ಎಂದು ಹೇಳಿದಂತೆ: ಹೇಳುವವರು ನಿಂತ ಜಾಗ ಬದಲಾದರೆ ವಿಳಾಸವೂ ಬದಲಾಗುತ್ತದೆ. ಸಂದೇಶವನ್ನು ದಾಟಿಸುವ ಪ್ರತಿ ಯಂತ್ರವೂ ಪಡೆಯುವವರ ವಿಳಾಸದ ಮೊದಲ ಹೆಸರನ್ನು ಕತ್ತರಿಸಿ, ಕಳುಹಿಸಿದವರ ವಿಳಾಸದ ಆರಂಭಕ್ಕೆ ತನ್ನ ಹೆಸರನ್ನು ಸೇರಿಸುತ್ತಿತ್ತು. ಮರುಬರಹವಿಲ್ಲದೆ ಉತ್ತರ ಬರೆಯಲು ಆಗುತ್ತಲೇ ಇರಲಿಲ್ಲ.

ಈ ಹೊರೆಯನ್ನು ಇಳಿಸಲು ಪೀಟರ್ ಹನಿಮನ್ ಮತ್ತು ಸ್ಟೀವನ್ ಬೆಲೊವಿನ್ ‘ಪಾಥ್‌ಅಲಿಯಾಸ್’ ಎಂಬ ಪ್ರೋಗ್ರಾಂ ರೂಪಿಸಿದರು. ಯಾವ ಯಂತ್ರ ಯಾರಿಗೆ, ಎಷ್ಟು ಬಾರಿ ಕರೆ ಮಾಡುತ್ತದೆ ಎಂಬ ನಕ್ಷೆಯನ್ನು ಓದಿ ಅದು ಅಗ್ಗದ ದಾರಿಯನ್ನು ಲೆಕ್ಕ ಹಾಕುತ್ತಿತ್ತು. ಗಂಟೆಗೊಮ್ಮೆ ಕರೆ ಮಾಡುವ ಸಂಪರ್ಕಕ್ಕೆ 500, ದಿನಕ್ಕೊಮ್ಮೆಯದಕ್ಕೆ 5000, ವಾರಕ್ಕೊಮ್ಮೆಯದಕ್ಕೆ 30000 ಎಂಬಂತೆ ಬೆಲೆ ಕಟ್ಟಲಾಗಿತ್ತು. ದಾರಿ ಹುಡುಕುವ ಕೆಲಸ ಮನುಷ್ಯರಿಂದ ಯಂತ್ರಕ್ಕೆ ದಾಟಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು.

ಜಾಲಗಳು ಒಂದಕ್ಕೊಂದು ಕೂಡಿದಾಗ ಗೊಂದಲ ಹೆಚ್ಚಿತು. ‘ಕ!ರಮೇಶ@ಖ’ ಎಂಬ ವಿಳಾಸವನ್ನು ಅರ್ಪಾನೆಟ್ ಯಂತ್ರ ಓದಿದರೆ ಸಂದೇಶ ಮೊದಲು ‘ಖ’ಕ್ಕೆ ಹೋಗಬೇಕು, ಯುಯುಸಿಪಿ ಯಂತ್ರ ಓದಿದರೆ ಮೊದಲು ‘ಕ’ಕ್ಕೆ ಹೋಗಬೇಕು. ಎರಡು ಜಾಲಗಳ ನಡುವಿನ ಗೇಟ್‌ವೇ ದಾಟಿಸಲು ಶೇಕಡಾ ಚಿಹ್ನೆಯ ಉಪಾಯವೂ ಬಳಕೆಗೆ ಬಂತು: ‘ರಮೇಶ%ಖ@ಕ’ ಎಂದು ಬಂದ ಸಂದೇಶದಿಂದ ‘ಕ’ ಯಂತ್ರ ತನ್ನ ಹೆಸರನ್ನು ತೆಗೆದು, ಉಳಿದುದನ್ನು ‘ರಮೇಶ@ಖ’ ಎಂದು ತಿದ್ದಿ ಮುಂದೆ ಕಳುಹಿಸುತ್ತಿತ್ತು. ಬ್ರಿಟನ್ನಿನ ಜಾನೆಟ್ ಜಾಲದಲ್ಲಂತೂ ವಿಳಾಸದ ಭಾಗಗಳ ಕ್ರಮವೇ ತಲೆಕೆಳಗಾಗಿತ್ತು. ದೇಶದ ಹೆಸರು ಮೊದಲು, ವಿಭಾಗದ ಹೆಸರು ಕೊನೆಗೆ. ಗಡಿ ದಾಟುವಾಗ ಗೇಟ್‌ವೇಗಳು ಪ್ರತಿ ವಿಳಾಸವನ್ನೂ ಹಿಂದುಮುಂದು ಮಾಡಬೇಕಾಗಿತ್ತು.

2. ಬರ್ಕ್‌ಲಿಯ ಪರಿಹಾರ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣದಲ್ಲಿ ಈ ಎಲ್ಲ ವ್ಯಾಕರಣಗಳೂ ಮುಖಾಮುಖಿಯಾದವು. ಅಲ್ಲಿನ ಇಂಗ್ರೆಸ್ ಡೇಟಾಬೇಸ್ ಯೋಜನೆಯ ಯಂತ್ರಕ್ಕೆ ಅರ್ಪಾನೆಟ್ ಸಂಪರ್ಕವಿತ್ತು. ಉಳಿದ ಯಂತ್ರಗಳು ಬರ್ಕ್‌ನೆಟ್ ಎಂಬ ಸ್ಥಳೀಯ ಜಾಲದಲ್ಲಿದ್ದವು. ಹೊರಗೆ ಯುಯುಸಿಪಿ ಇತ್ತು. ಅರ್ಪಾನೆಟ್ ಮೇಲ್ ಬೇಕಾದವರೆಲ್ಲ ಇಂಗ್ರೆಸ್ ಯಂತ್ರದಲ್ಲಿ ಖಾತೆ ಕೇಳತೊಡಗಿದರು. ಆ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದ ಎರಿಕ್ ಆಲ್‌ಮನ್ ಎಲ್ಲರಿಗೂ ಖಾತೆ ಕೊಡುವ ಬದಲು, ಮೇಲನ್ನೇ ಜಾಲದಿಂದ ಜಾಲಕ್ಕೆ ದಾಟಿಸುವ ಪ್ರೋಗ್ರಾಂ ಬರೆದರು. 1979ರ ಆ ಪ್ರೋಗ್ರಾಂನ ಹೆಸರು ಡೆಲಿವರ್‌ಮೇಲ್.

ಡೆಲಿವರ್‌ಮೇಲ್‌ನ ಮಿತಿ ಬೇಗ ಗೊತ್ತಾಯಿತು. ಅದರ ನಿಯಮಗಳು ಪ್ರೋಗ್ರಾಂನ ಒಳಗೇ ಹುದುಗಿದ್ದವು. ಹೊಸ ಜಾಲ ಸೇರಿದಾಗಲೆಲ್ಲ ಪ್ರೋಗ್ರಾಂ ಅನ್ನು ತಿದ್ದಿ ಮತ್ತೆ ಕಂಪೈಲ್ ಮಾಡಬೇಕಿತ್ತು. ಆಲ್‌ಮನ್ ಮುಂದೆ ಬರೆದ ಸೆಂಡ್‌ಮೇಲ್ 1983ರಲ್ಲಿ 4.2ಬಿಎಸ್‌ಡಿ ಯುನಿಕ್ಸ್ ಜೊತೆ ಹೊರಬಂತು. ವಿಳಾಸದ ವ್ಯಾಕರಣವನ್ನು ಪ್ರೋಗ್ರಾಂನಿಂದ ಹೊರತೆಗೆದು, ಆಡಳಿತಗಾರರು ತಾವೇ ಬರೆಯಬಲ್ಲ ಸಂರಚನಾ ಕಡತಕ್ಕೆ ಒಪ್ಪಿಸಿದ್ದು ಅದರ ನಿರ್ಣಾಯಕ ಹೆಜ್ಜೆ. ಯಾವ ಜಾಲವೂ ತನ್ನ ರೂಢಿ ಬಿಡಬೇಕೆಂದು ಸೆಂಡ್‌ಮೇಲ್ ಒತ್ತಾಯಿಸಲಿಲ್ಲ. ಎಲ್ಲರ ವಿಳಾಸವನ್ನೂ ಓದಿ, ಎಲ್ಲರಿಗೂ ಒಪ್ಪುವಂತೆ ಮರುಬರೆದುಕೊಡುವ ಹೊಣೆಯನ್ನು ಅದೇ ಹೊತ್ತುಕೊಂಡಿತು.

3. ನಿಯಮಗಳ ಕೆಲಸ

ಸೆಂಡ್‌ಮೇಲ್ ಮೊದಲು ವಿಳಾಸವನ್ನು ತುಂಡುಗಳಾಗಿ ಬಿಡಿಸುತ್ತದೆ. ‘ರಮೇಶ%ಖ@ಕ’ದಲ್ಲಿ ಹೆಸರುಗಳೂ ಚಿಹ್ನೆಗಳೂ ಸೇರಿ ಐದು ತುಂಡುಗಳಿವೆ. ಪ್ರತಿ ನಿಯಮಕ್ಕೂ ಎಡಭಾಗ, ಬಲಭಾಗಗಳಿದ್ದು, ಅವುಗಳ ನಡುವೆ ಟ್ಯಾಬ್ ಇರುತ್ತದೆ. ಎಡಭಾಗ ಮಾದರಿಯನ್ನು ಹೇಳುತ್ತದೆ: ‘$+’ ಎಂದರೆ ಒಂದು ಅಥವಾ ಹೆಚ್ಚು ತುಂಡು, ‘$*’ ಎಂದರೆ ಸೊನ್ನೆ ಅಥವಾ ಹೆಚ್ಚು, ‘$-’ ಎಂದರೆ ನಿಖರವಾಗಿ ಒಂದು. ಎಡಕ್ಕೆ ‘$+%$+’, ಬಲಕ್ಕೆ ‘$1@$2’ ಎಂದು ಬರೆದರೆ ‘ರಮೇಶ%ಖ’ ಎಂಬುದು ‘ರಮೇಶ@ಖ’ ಆಗುತ್ತದೆ. ವಿಳಾಸ ಮಾದರಿಗೆ ಹೊಂದುತ್ತಿರುವವರೆಗೂ ಅದೇ ನಿಯಮ ಮತ್ತೆ ಮತ್ತೆ ಅನ್ವಯವಾಗುತ್ತದೆ.

ನಿಯಮಗಳನ್ನು ಸಂಖ್ಯೆಯುಳ್ಳ ಗುಂಪುಗಳಾಗಿ ಜೋಡಿಸಲಾಗಿತ್ತು. ಮೂರನೆಯ ಗುಂಪು ಯಾವ ಜಾಲದ ವಿಳಾಸವನ್ನಾದರೂ ಒಂದೇ ಒಳರೂಪಕ್ಕೆ ತಂದು, ಮುಂದಿನ ಯಂತ್ರದ ಹೆಸರನ್ನು ಕೋನಾಕಾರದ ಆವರಣಗಳಲ್ಲಿ ಗುರುತಿಸುತ್ತಿತ್ತು. ಸೊನ್ನೆಯ ಗುಂಪು ಆ ಒಳರೂಪವನ್ನು ನೋಡಿ ಮೂರು ಸಂಗತಿ ನಿರ್ಧರಿಸುತ್ತಿತ್ತು: ಯಾವ ಸಾಗಣೆ ವಿಧಾನ, ಯಾವ ಯಂತ್ರ, ಯಾವ ಬಳಕೆದಾರ. ಇದೇ ರೂಟಿಂಗ್. ಒಂದನೆಯ ಗುಂಪು ಕಳುಹಿಸಿದವರ, ಎರಡನೆಯದು ಪಡೆಯುವವರ ವಿಳಾಸವನ್ನು ತಿದ್ದಿದರೆ, ನಾಲ್ಕನೆಯದು ಒಳರೂಪವನ್ನು ಮತ್ತೆ ಹೊರಗಿನವರು ಓದಬಲ್ಲ ರೂಪಕ್ಕೆ ತರುತ್ತಿತ್ತು.

ಈ ವಿನ್ಯಾಸದಲ್ಲಿ ಮರುಬರಹ ಮತ್ತು ರೂಟಿಂಗ್ ಒಂದೇ ಯಂತ್ರಾಂಗದ ಕೆಲಸ. ವಿಳಾಸವೇ ದಾರಿಯಾಗಿದ್ದ ಕಾಲಕ್ಕೆ ಅದು ಸಹಜವಾಗಿತ್ತು. ಅದರ ಬೆಲೆಯನ್ನು ತೆತ್ತವರು ಆಡಳಿತಗಾರರು. ಒಂದು ಚಿಹ್ನೆ ತಪ್ಪಿದರೆ ಮೇಲ್ ಸುತ್ತು ಹೊಡೆಯುತ್ತಿತ್ತು, ಇಲ್ಲವೇ ತಪ್ಪು ಊರಿಗೆ ಹೋಗುತ್ತಿತ್ತು. ಸೆಂಡ್‌ಮೇಲ್ ಒಂದರ ಬಗ್ಗೆಯೇ ಬ್ರಯಾನ್ ಕಾಸ್ಟೇಲ್ಸ್ ಬರೆದ ದಪ್ಪ ಪುಸ್ತಕ 1993ರಲ್ಲಿ ಬಂತು. ನಂತರ ಹಲವು ಆವೃತ್ತಿಗಳನ್ನೂ ಕಂಡಿತು.

4. ಡೊಮೈನ್ ಮತ್ತು ಎಂಎಕ್ಸ್ ದಾಖಲೆ

1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ ಎಂಬ ದಾಖಲೆ ಸರಣಿಯಲ್ಲಿ ಎರಡು ಮಾನದಂಡಗಳು ಪ್ರಕಟವಾದವು: ಎಸ್‌ಎಂಟಿಪಿಯನ್ನು ವಿವರಿಸುವ ಆರ್‌ಎಫ್‌ಸಿ 821, ಸಂದೇಶದ ರೂಪವನ್ನು ವಿವರಿಸುವ ಆರ್‌ಎಫ್‌ಸಿ 822. @ ಚಿಹ್ನೆಯ ಎಡಭಾಗವನ್ನು ಬಲಭಾಗದ ಯಂತ್ರ ಮಾತ್ರ ಅರ್ಥೈಸಬೇಕು ಎಂಬ ತತ್ವ ಇಲ್ಲಿ ರೂಪ ತಳೆಯಿತು. ಮರುವರ್ಷ ಪಾಲ್ ಮಾಕಪೆಟ್ರಿಸ್ ಡೊಮೈನ್ ನಾಮ ವ್ಯವಸ್ಥೆಯನ್ನು ಮಂಡಿಸಿದರು. 1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಬರೆದ ಆರ್‌ಎಫ್‌ಸಿ 974 ಎಂಎಕ್ಸ್ ದಾಖಲೆಯ ಬಳಕೆಯನ್ನು ನಿಗದಿ ಮಾಡಿತು.

ಎಂಎಕ್ಸ್ ದಾಖಲೆ ಹೇಳುವುದು ಇಷ್ಟೆ: ಈ ಡೊಮೈನ್‌ಗೆ ಬರುವ ಮೇಲನ್ನು ಇಂಥ ಸರ್ವರ್‌ಗಳು ಸ್ವೀಕರಿಸುತ್ತವೆ, ಕಡಿಮೆ ಸಂಖ್ಯೆ ಇರುವುದನ್ನು ಮೊದಲು ಪ್ರಯತ್ನಿಸಿ. ಇದರ ಪರಿಣಾಮ ಆಳವಾದದ್ದು. ಟೆಲಿಫೋನ್ ಮೋಡೆಮ್ ಬಿಟ್ಟರೆ ಬೇರೆ ಸಂಪರ್ಕವಿಲ್ಲದ ಯಂತ್ರವೂ ಈಗ ಡೊಮೈನ್ ಹೆಸರು ಪಡೆದು, ಬೇರೊಂದು ಗೇಟ್‌ವೇ ಮೂಲಕ ಮೇಲ್ ತರಿಸಿಕೊಳ್ಳಬಹುದಿತ್ತು. ದಾರಿ ಬದಲಾದರೆ ದಾಖಲೆ ಬದಲಿಸಿದರಾಯಿತು, ವಿಳಾಸ ಹಾಗೆಯೇ ಉಳಿಯುತ್ತಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಮಾರ್ಕ್ ಹಾರ್ಟನ್ ಬರೆದ ಆರ್‌ಎಫ್‌ಸಿ 976, ಯುಯುಸಿಪಿ ಲೋಕಕ್ಕೂ ಡೊಮೈನ್ ವಿಳಾಸಗಳನ್ನು ತಂದಿತು. ವಿಳಾಸದಲ್ಲಿ ! ಮತ್ತು @ ಎರಡೂ ಬಂದಾಗ @ ಚಿಹ್ನೆಗೇ ಪ್ರಾಶಸ್ತ್ಯ ಎಂದು ಹಳೆಯ ಜಗಳವನ್ನು ಬಗೆಹರಿಸಿತು.

ಭಾರತದ ಜಾಲ ಹುಟ್ಟಿದ್ದು ಈ ಸಂಧಿಕಾಲದಲ್ಲೇ. ಎಲೆಕ್ಟ್ರಾನಿಕ್ಸ್ ಇಲಾಖೆ ಯುಎನ್‌ಡಿಪಿ ನೆರವಿನೊಂದಿಗೆ 1986ರಲ್ಲಿ ಆರಂಭಿಸಿದ ಎರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆಯಲ್ಲಿ ಮುಂಬೈನ ತಂತ್ರಾಂಶ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ, ಐದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಲುಗೊಂಡವು. ಮೊದಲ ವರ್ಷಗಳಲ್ಲಿ ಮೇಲ್ ಸಾಗಿದ್ದು ಮೋಡೆಮ್ ಕರೆಗಳ ಮೇಲಿನ ಯುಯುಸಿಪಿಯಿಂದಲೇ. 1989ರ ಮೇ 8ರಂದು ‘.ಇನ್’ ಡೊಮೈನ್ ನೋಂದಣಿಯಾಯಿತು. ‘ಐಐಎಸ್‌ಸಿ.ಎರ್ನೆಟ್.ಇನ್’ ಎಂದು ಕೊನೆಗೊಳ್ಳುವ ವಿಳಾಸಗಳು ಬೆಂಗಳೂರಿನ ವಿಜ್ಞಾನಿಗಳ ಸಂಶೋಧನಾ ಪ್ರಬಂಧಗಳಲ್ಲಿ ಹಲವು ವರ್ಷ ಅಚ್ಚಾದವು. ಆ ವಿಳಾಸ ಸಂಸ್ಥೆ ಯಾವುದೆಂದು ಹೇಳುತ್ತದೆ, ಎರ್ನೆಟ್‌ನ ಆಶ್ರಯದಲ್ಲಿದೆ ಎಂದೂ ಹೇಳುತ್ತದೆ. ಆದರೆ ದಾರಿ ಹೇಳುವುದಿಲ್ಲ.

5. ದುರ್ಬಳಕೆ, ಹೊಸ ಸರ್ವರ್‌ಗಳು

ಬೇರೆಯವರ ಮೇಲನ್ನು ದಾಟಿಸುವುದು ಸೌಜನ್ಯವೆನಿಸಿದ್ದ ಕಾಲ 1990ರ ದಶಕದಲ್ಲಿ ಮುಗಿಯಿತು. ಶೇಕಡಾ ಚಿಹ್ನೆಯ ವಿಳಾಸಗಳನ್ನು ಬಳಸಿ ಸ್ಪ್ಯಾಮ್ ಕಳುಹಿಸುವವರು ಅನ್ಯರ ಸರ್ವರ್‌ಗಳ ಹೆಗಲೇರಿದರು. 1998ರ ಸೆಂಡ್‌ಮೇಲ್ 8.9 ಆವೃತ್ತಿ, ಹೊರಗಿನವರ ಮೇಲನ್ನು ಹೊರಗಿನವರಿಗೇ ದಾಟಿಸುವುದನ್ನು ತಾನಾಗಿ ನಿರಾಕರಿಸತೊಡಗಿತು.

ಅದೇ ದಶಕದಲ್ಲಿ ಹೊಸ ಮೇಲ್ ಸರ್ವರ್ ತಂತ್ರಾಂಶಗಳು ಬಂದವು: ಕೇಂಬ್ರಿಜ್‌ನ ಫಿಲಿಪ್ ಹೇಜಲ್ ಎಕ್ಸಿಮ್ ಅನ್ನೂ, ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಅನ್ನೂ, ವೀಟ್ಸೆ ವೆನೆಮಾ ಪೋಸ್ಟ್‌ಫಿಕ್ಸ್ ಅನ್ನೂ ಬರೆದರು. ಪೋಸ್ಟ್‌ಫಿಕ್ಸ್‌ನಲ್ಲಿ ಸೆಂಡ್‌ಮೇಲ್‌ನ ಏಕೈಕ ನಿಯಮಭಾಷೆಯ ಜಾಗಕ್ಕೆ ಬೇರೆಬೇರೆ ಪಟ್ಟಿಗಳು ಬಂದವು. ‘ಕೆನಾನಿಕಲ್’ ಪಟ್ಟಿ ಹೆಡರ್ ಮತ್ತು ಲಕೋಟೆ ಎರಡರಲ್ಲೂ ವಿಳಾಸ ಬದಲಿಸುತ್ತದೆ. ‘ವರ್ಚುವಲ್’ ಪಟ್ಟಿ ಲಕೋಟೆಯ ಮೇಲಿನ ಪಡೆಯುವವರನ್ನು ಮಾತ್ರ. ‘ಜೆನೆರಿಕ್’ ಪಟ್ಟಿ ಹೊರಹೋಗುವ ಮೇಲಿನಲ್ಲಿ ಒಳಗಿನ ಹೆಸರುಗಳನ್ನು ಹೊರಗಿನವಾಗಿ ಬದಲಿಸುತ್ತದೆ. ‘ಟ್ರಾನ್ಸ್‌ಪೋರ್ಟ್’ ಪಟ್ಟಿ ವಿಳಾಸ ಮುಟ್ಟದೆ ದಾರಿಯನ್ನಷ್ಟೇ ನಿರ್ಧರಿಸುತ್ತದೆ. ಮರುಬರಹ ಮತ್ತು ರೂಟಿಂಗ್ ಕಡೆಗೂ ಬೇರೆಯಾದವು. ಆದರೂ ಇತಿಹಾಸ ಅಳಿಸಿಹೋಗಿಲ್ಲ: ‘ಖ!ರಮೇಶ’ ಎಂಬುದನ್ನೂ ‘ರಮೇಶ%ಖ’ ಎಂಬುದನ್ನೂ ‘ರಮೇಶ@ಖ’ ಎಂದು ತಿದ್ದುವ ಸೂಚನೆಗಳು ಪೋಸ್ಟ್‌ಫಿಕ್ಸ್‌ನ ಮೂಲ ಸಂರಚನೆಯಲ್ಲಿ ಉಳಿದುಕೊಂಡಿವೆ.

ಈ ಶತಮಾನದ ಭದ್ರತಾ ಮಾನದಂಡಗಳು ನಡುವಿನ ತಿದ್ದುಪಡಿಯನ್ನು ಇನ್ನಷ್ಟು ಕಷ್ಟವಾಗಿಸಿದವು. ಎಸ್‌ಪಿಎಫ್ ಮೇಲ್ ತಂದ ಸರ್ವರ್‌ಗೆ ಲಕೋಟೆಯ ಕಳುಹಿಸುವವರ ಡೊಮೈನ್ ಅನುಮತಿ ಕೊಟ್ಟಿದೆಯೇ ಎಂದು ಪರೀಕ್ಷಿಸುತ್ತದೆ. ಮೇಲನ್ನು ಮುಂದಕ್ಕೆ ದಾಟಿಸುವ ಸರ್ವರ್ ಆ ಪರೀಕ್ಷೆಯಲ್ಲಿ ಸೋಲಬಹುದು. ಅದಕ್ಕಾಗಿಯೇ ಎಸ್‌ಆರ್‌ಎಸ್ ಎಂಬ ವಿಧಾನ ಹಳೆಯ ವಿಳಾಸವನ್ನು ಹೊಸದರ ಒಳಗೆ ಅಡಗಿಸಿ ಬರೆಯುತ್ತದೆ. ಡಿಕೆಐಎಂ ಸಹಿ ‘ಫ್ರಮ್’ ಸಾಲನ್ನು ಒಳಗೊಳ್ಳುವುದರಿಂದ, ಆ ಸಾಲನ್ನು ದಾರಿಯಲ್ಲಿ ಯಾರೇ ತಿದ್ದಿದರೂ ಸಹಿ ಮುರಿಯುತ್ತದೆ.

6. ಕನ್ನಡ ಲಿಪಿಯ ವಿಳಾಸ

1982ರ ಮಾನದಂಡಗಳು ವಿಳಾಸವನ್ನು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರುವ ಆಸ್ಕಿ ಗಣಕ್ಕೆ ಸೀಮಿತಗೊಳಿಸಿದ್ದವು. ಈ ಬೇಲಿಯನ್ನು ದಾಟಲು ನಡೆದ ಮೊದಲ ಪ್ರಾಯೋಗಿಕ ಪ್ರಯತ್ನದಲ್ಲಿ, ಹಳೆಯ ಸರ್ವರ್ ಎದುರಾದರೆ ವಿಳಾಸವನ್ನು ದಾರಿಯಲ್ಲೇ ಪರ್ಯಾಯ ಆಸ್ಕಿ ವಿಳಾಸವಾಗಿ ಮರುಬರೆಯುವ ಏರ್ಪಾಡಿತ್ತು. 2009ರ ಆರ್‌ಎಫ್‌ಸಿ 5504 ಅದನ್ನು ವಿವರಿಸುತ್ತದೆ. 2012ರಲ್ಲಿ ಬಂದ ಅಂತಿಮ ಮಾನದಂಡಗಳು ಆ ಏರ್ಪಾಡನ್ನು ಕೈಬಿಟ್ಟವು. ಆರ್‌ಎಫ್‌ಸಿ 6531 ಪ್ರಕಾರ, ಎದುರಿನ ಸರ್ವರ್ ಎಸ್‌ಎಂಟಿಪಿಯುಟಿಎಫ್8 ಎಂಬ ಸಾಮರ್ಥ್ಯ ಘೋಷಿಸಿದರೆ ವಿಳಾಸ ಇದ್ದಂತೆಯೇ ಹೋಗುತ್ತದೆ. ಇಲ್ಲವಾದರೆ ಮೇಲ್ ಹಿಂದಿರುಗುತ್ತದೆ. ನಡುವೆ ತಿದ್ದುವಂತಿಲ್ಲ.

ಉದಾಹರಣೆಗೆ ‘ರಮೇಶ@ಉದಾಹರಣೆ.ಭಾರತ’ ಎಂಬ ವಿಳಾಸದ ಬಲಭಾಗವನ್ನು, ಎಂಎಕ್ಸ್ ದಾಖಲೆ ಹುಡುಕುವಾಗ, ನಿಗದಿತ ಸೂತ್ರದಂತೆ ಆಸ್ಕಿ ರೂಪಕ್ಕೆ ತರಬಹುದು. ಎಡಭಾಗದ ‘ರಮೇಶ’ವನ್ನು ಹಾಗೆ ತರುವ ಸೂತ್ರವೇ ಇಲ್ಲ, ಏಕೆಂದರೆ ಅದನ್ನು ಅರ್ಥೈಸುವ ಹಕ್ಕು ಕೊನೆಯ ಸರ್ವರ್‌ಗೆ ಮಾತ್ರ ಸೇರಿದ್ದು. 1982ರ ತತ್ವ ಕನ್ನಡದ ಹೆಸರನ್ನು ಹೀಗೆ ಕಾಯುತ್ತದೆ. ಜಿಮೇಲ್ 2014ರಿಂದ ಇಂಥ ವಿಳಾಸಗಳೊಡನೆ ಮೇಲ್ ವಿನಿಮಯ ಮಾಡಬಲ್ಲದು. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಈ ಸಾಮರ್ಥ್ಯ ಪಡೆದಿದೆ.

ಉಪಸಂಹಾರ

ನಾಲ್ಕು ದಶಕಗಳ ಈ ಇತಿಹಾಸದಲ್ಲಿ ಸೆಂಡ್‌ಮೇಲ್‌ನ ಪಾತ್ರವನ್ನು ಅದರ ಕ್ಲಿಷ್ಟತೆಯಿಂದ ಅಳೆಯುವುದು ಸರಿಯಲ್ಲ. ಒಂದನ್ನೊಂದು ಅರಿಯದ ಜಾಲಗಳಿಗೆ ಅದು ದುಭಾಷಿಯಾಯಿತು. ಎಲ್ಲರೂ ಒಪ್ಪುವ ಡೊಮೈನ್ ವ್ಯವಸ್ಥೆ ನೆಲೆಯೂರುವವರೆಗೆ ಸಂವಾದವನ್ನು ಜೀವಂತವಾಗಿಟ್ಟಿತು. ಆ ವ್ಯವಸ್ಥೆ ಬಂದ ಮೇಲೆ ನಡುವಿನ ಮರುಬರಹ ಹಿಂದೆ ಸರಿದದ್ದು ಪ್ರಗತಿಯೇ. ಈಗ ಉಳಿದಿರುವ ಕೆಲಸ ತುದಿಗಳದ್ದು. ಕರ್ನಾಟಕದ ವಿಶ್ವವಿದ್ಯಾಲಯಗಳು, ಸರ್ಕಾರಿ ಕಚೇರಿಗಳು, ಪ್ರಕಾಶನ ಸಂಸ್ಥೆಗಳು ತಮ್ಮ ಮೇಲ್ ಸರ್ವರ್ ಕನ್ನಡ ಲಿಪಿಯ ವಿಳಾಸವನ್ನು ಸ್ವೀಕರಿಸುತ್ತದೆಯೇ, ತಮ್ಮ ಅರ್ಜಿ ನಮೂನೆಗಳು ಅದನ್ನು ತಪ್ಪೆಂದು ತಳ್ಳಿಹಾಕುತ್ತವೆಯೇ ಎಂದು ಪರೀಕ್ಷಿಸಬೇಕು. ಮಾನದಂಡ ಸಿದ್ಧವಿದೆ, ತಂತ್ರಾಂಶ ಸಿದ್ಧವಿದೆ. ಅವನ್ನು ಬಳಕೆಗೆ ತರುವ ಹೊಣೆ ಸರ್ವರ್ ನಡೆಸುವ ನಮ್ಮ ಸಂಸ್ಥೆಗಳ ಮೇಲಿದೆ.