ಕ್ವೀನ್ಸ್ ಪ್ಲೇಟ್, ಕಿಂಗ್ಸ್ ಪ್ಲೇಟ್

ಕುದುರೆ ಜೂಜು ಎಂದರೆ ನಮ್ಮ ಹಿರಿಯರು ಮೂಗು ಮುರಿಯುತ್ತಿದ್ದರು. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕಿದ್ದಷ್ಟೇ ನಮ್ಮಲ್ಲಿ ಅನೇಕರ ಅನುಭವ. ಆದರೆ ಟೊರಾಂಟೋದಲ್ಲಿ ನೆಲೆಸಿದ ಮೇಲೆ, ವುಡ್‌ಬೈನ್ ಮೈದಾನದ 'ಪ್ಲೇಟ್' ಪಂದ್ಯದ ಸುದ್ದಿ ವರ್ಷಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಬಾಜಿಯ ಮಾತು ಬದಿಗಿರಲಿ; ಅದರ ಇತಿಹಾಸವನ್ನಂತೂ ನಾವು ತಿಳಿದಿರಬೇಕು.

1859ರಲ್ಲಿ ಟೊರಾಂಟೋ ಟರ್ಫ್ ಕ್ಲಬ್ಬಿನವರು ವಿಕ್ಟೋರಿಯಾ ರಾಣಿಗೆ ಮನವಿ ಸಲ್ಲಿಸಿದರು. ರಾಣಿ 50 ಗಿನಿಗಳ ಬಹುಮಾನ ಕೊಡಲು ಒಪ್ಪಿದಳು. 1860ರ ಜೂನ್ 27ರಂದು ನಡೆದ ಮೊದಲ ಓಟದಲ್ಲಿ ಗೆದ್ದ ಕುದುರೆ ಡಾನ್ ಜುವಾನ್. ಕೆನಡಾ ಒಕ್ಕೂಟ ರಚನೆಯಾದದ್ದು 1867ರಲ್ಲಿ. ಅಂದರೆ ಈ ಪಂದ್ಯ ದೇಶಕ್ಕಿಂತ ಏಳು ವರ್ಷ ಹಿರಿಯದು! ಮಹಾಯುದ್ಧಗಳ ಕಾಲದಲ್ಲೂ ಅದು ನಿಲ್ಲಲಿಲ್ಲ. ಸಿಂಹಾಸನದಲ್ಲಿ ದೊರೆಯಿದ್ದಾಗ ಕಿಂಗ್ಸ್ ಪ್ಲೇಟ್, ರಾಣಿಯಿದ್ದಾಗ ಕ್ವೀನ್ಸ್ ಪ್ಲೇಟ್. ಎರಡನೆಯ ಎಲಿಜಬೆತ್ ಕಾಲದಲ್ಲಿ 1952ರಿಂದ ಇದ್ದ ರಾಣಿಯ ಹೆಸರು 2023ರಲ್ಲಿ ಮತ್ತೆ ರಾಜನದಾಯಿತು. ಹೆಸರು 'ಪ್ಲೇಟ್' ಆದರೂ ಈಗ ಗೆದ್ದವರಿಗೆ ಸಿಗುವುದು ಚಿನ್ನದ ಕಪ್.

ಬದಲಾಗದ ನಿಯಮ ಒಂದಿದೆ: ಓಡುವ ಕುದುರೆ ಇಲ್ಲಿಯ ನೆಲದಲ್ಲೇ ಹುಟ್ಟಿರಬೇಕು. ಮೊದಲು ಒಂಟಾರಿಯೋ ಪ್ರಾಂತ್ಯಕ್ಕೆ ಸೀಮಿತವಾಗಿದ್ದ ಈ ಷರತ್ತು ಆಮೇಲೆ ಇಡೀ ಕೆನಡಾಕ್ಕೆ ವಿಸ್ತರಿಸಿತು. ತಾಯಿತಂದೆ ಯಾವ ದೇಶದವರೆಂದು ಯಾರೂ ಕೇಳುವುದಿಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ಉದ್ಯಮಿ ಇ. ಪಿ. ಟೇಲರ್ ಅವರ ಕುದುರೆಗಳು. ಅವರು ಇಂಗ್ಲೆಂಡಿನಲ್ಲಿ ಕೊಂಡ ಲೇಡಿ ಏಂಜೆಲಾ ಎಂಬ ಹೆಣ್ಣುಕುದುರೆ ಗರ್ಭಿಣಿಯಾಗಿಯೇ ಕೆನಡಾಕ್ಕೆ ಬಂದಿತು. 1954ರಲ್ಲಿ ಇಲ್ಲಿ ಹುಟ್ಟಿದ ಅದರ ಮರಿ ನಿಯಾರ್ಕ್ಟಿಕ್. ನಿಯಾರ್ಕ್ಟಿಕ್‌ನ ಮರಿಯೇ ಪ್ರಸಿದ್ಧ ನಾರ್ದರ್ನ್ ಡ್ಯಾನ್ಸರ್. ಒಂದು ವರ್ಷದ ಮರಿಯಾಗಿದ್ದಾಗ 25,000 ಡಾಲರಿಗೆ ಮಾರಾಟಕ್ಕಿಟ್ಟರೆ ಯಾರೂ ಕೊಳ್ಳಲಿಲ್ಲ. ಗಿಡ್ಡ ಎಂದು ಮುಖ ತಿರುಗಿಸಿದರು. ಅದೇ ಕುದುರೆ 1964ರಲ್ಲಿ ಅಮೆರಿಕದ ಕೆಂಟಕಿ ಡರ್ಬಿಯನ್ನು ಸರಿಯಾಗಿ ಎರಡು ನಿಮಿಷದಲ್ಲಿ ಗೆದ್ದು, ಊರಿಗೆ ಮರಳಿ ಕ್ವೀನ್ಸ್ ಪ್ಲೇಟನ್ನೂ ಗೆದ್ದಿತು. ಅದೇ ಅದರ ಕೊನೆಯ ಓಟ; ಕಾಲಿನ ಸ್ನಾಯುರಜ್ಜು ಕೈಕೊಟ್ಟಿತು. 1990ರಲ್ಲಿ ಅಮೆರಿಕದಲ್ಲಿ ಸತ್ತಾಗ ದೇಹವನ್ನು ಹುಟ್ಟೂರು ಒಶಾವಾಕ್ಕೆ ತಂದು ಮಣ್ಣು ಮಾಡಿದರು.

ಬಸುರಿಯಾಗಿ ವಿಮಾನ ಇಳಿದ ತಾಯಂದಿರು ನಮ್ಮಲ್ಲೂ ಇದ್ದಾರೆ. ಮಕ್ಕಳು ಇಲ್ಲಿಯವರೋ ಅಲ್ಲಿಯವರೋ ಎಂಬ ಚರ್ಚೆ ನಮ್ಮ ಪ್ರತಿ ಯುಗಾದಿ ಊಟದಲ್ಲೂ ನಡೆಯುತ್ತದೆ. ಲೇಡಿ ಏಂಜೆಲಾಳ ಕಥೆ ಓದಿದ ಮೇಲೆ ನಮಗನಿಸುವುದಿಷ್ಟು: ಓಡುವ ಹಕ್ಕು ಮಗುವಿಗೆ ಈ ನೆಲ ಕೊಟ್ಟಿದೆ, ವಂಶದ ಕಥೆ ಹೇಳುವ ಹೊಣೆ ನಮ್ಮದು. ಅದಕ್ಕಾಗಿಯೇ ಅಲ್ಲವೇ ನಾವು ಈ ಸಂಘ ಕಟ್ಟಿಕೊಂಡದ್ದು?