ಸೈಕಲ್ ಕಂಪ್ಯೂಟರ್ ಬ್ಯಾಟರಿ ಬೇಗ ಖಾಲಿಯಾಗುತ್ತಿದೆಯೇ? ಬದಲಿಸುವ ಮೊದಲು ಇದನ್ನು ತಿಳಿದುಕೊಳ್ಳಿ

ವಿಜಯವಾಡ/ವಿಶಾಖಪಟ್ಟಣಂ: ಹ್ಯಾಂಡಲ್ ಮೇಲೆ ಕೂತು ವೇಗ, ದೂರ, ದಾರಿ, ಎದೆಬಡಿತ ಎಲ್ಲವನ್ನೂ ತೋರಿಸುವ ಜಿಪಿಎಸ್ ಸೈಕಲ್ ಕಂಪ್ಯೂಟರ್ ಕೊಂಡ ಹೊಸದರಲ್ಲಿ ಒಂದು ಚಾರ್ಜ್‌ಗೆ ಇಡೀ ದಿನ ಬರುತ್ತದೆ. ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಸಾಧನ ಮಧ್ಯಾಹ್ನದ ಊಟದ ಹೊತ್ತಿಗೇ ಆಫ್ ಆಗುತ್ತದೆ. ಬ್ಯಾಟರಿ ಒಳಗೇ ಸೀಲ್ ಆಗಿರುವುದರಿಂದ ಟಾರ್ಚ್ ಸೆಲ್‌ನಂತೆ ತೆಗೆದು ಹಾಕುವಂತೆಯೂ ಇಲ್ಲ. ಹೊಸದು ಕೊಳ್ಳಬೇಕೇ, ಬ್ಯಾಟರಿ ಮಾತ್ರ ಬದಲಿಸಬಹುದೇ, ಅಥವಾ ತೊಂದರೆ ಇರುವುದೇ ಬೇರೆ ಕಡೆಯೇ?

ಆಂಧ್ರಪ್ರದೇಶದ ಎರಡು ದೊಡ್ಡ ನಗರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 16ರಲ್ಲಿ ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ಸುಮಾರು 350 ಕಿ.ಮೀ. ಅಂತರ. ಒಂದು ಊರಿನಲ್ಲಿ ಬ್ಯಾಟರಿಗೆ ಶತ್ರು ಬಿಸಿಲು, ಇನ್ನೊಂದರಲ್ಲಿ ಸಮುದ್ರದ ಉಪ್ಪುಗಾಳಿ. ನಮ್ಮಲ್ಲಿ ರಾಯಚೂರು, ಕಲಬುರಗಿಯ ಸವಾರರಿಗೆ ವಿಜಯವಾಡದ ಕಥೆ ಅನ್ವಯಿಸಿದರೆ, ಮಂಗಳೂರು, ಕಾರವಾರದವರಿಗೆ ವಿಶಾಖಪಟ್ಟಣದ್ದು.

ಬ್ಯಾಟರಿಗೆ ವಯಸ್ಸಾಗುವುದು ಹೇಗೆ?

ಇವುಗಳಲ್ಲಿ ಇರುವುದು ಮೊಬೈಲ್‌ನಲ್ಲಿರುವಂಥದ್ದೇ ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಪೂರ್ತಿ ಚಾರ್ಜ್ ಆದಾಗ ಇದರ ಒಂದು ಸೆಲ್‌ನ ವೋಲ್ಟೇಜ್ ಸಾಮಾನ್ಯವಾಗಿ 4.2. ಚಾರ್ಜ್ ಮಾಡಿ ಖಾಲಿ ಮಾಡಿದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಬಳಸದೆ ಸುಮ್ಮನೆ ಇಟ್ಟರೂ ಕುಗ್ಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಬಿಸಿ ಹೆಚ್ಚಿದ್ದಷ್ಟೂ, ಚಾರ್ಜ್ ತುಂಬಿಕೊಂಡಿದ್ದಷ್ಟೂ ಈ ಕುಗ್ಗುವಿಕೆ ಬೇಗ. ನೂರಕ್ಕೆ ನೂರು ಚಾರ್ಜ್ ಮಾಡಿ ಬಿಸಿ ಕೋಣೆಯಲ್ಲಿಟ್ಟ ಸಾಧನ, ದಿನವೂ ಓಡುವ ಸಾಧನಕ್ಕಿಂತ ಮೊದಲೇ ಮುದಿಯಾಗಬಹುದು.

ವಿಜಯವಾಡ: ಬಿಸಿಲಿನ ಲೆಕ್ಕ

ಬೇಸಿಗೆಯಲ್ಲಿ ‘ಬ್ಲೇಜ್‌ವಾಡ’ ಎಂದೇ ಕರೆಸಿಕೊಳ್ಳುವ ಊರಿದು. ಮೇ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ದಿನಗಳಿವೆ. ಗಾರ್ಮಿನ್ ಎಡ್ಜ್ 530ರಂಥ ಸಾಧನಗಳನ್ನು 60 ಡಿಗ್ರಿವರೆಗೆ ಬಳಸಬಹುದು ಎಂದು ಕಂಪನಿ ಹೇಳುತ್ತದೆ. ಆದರೆ ಚಾರ್ಜ್ ಮಾಡಲು ಮಿತಿ 45 ಡಿಗ್ರಿ. ಗಮನಿಸಬೇಕಾದ್ದು ಇದನ್ನೇ. ಪ್ರಕಾಶಂ ಬ್ಯಾರೇಜ್ ದಾಟಿ ಬಿಸಿಲೇರಿದ ಮೇಲೆ ಮನೆಗೆ ಬಂದವರ ಹ್ಯಾಂಡಲ್ ಮೇಲಿನ ಕಪ್ಪು ಡಬ್ಬಿ ಸುತ್ತಲಿನ ಗಾಳಿಗಿಂತಲೂ ಬಿಸಿಯಾಗಿರುತ್ತದೆ. ಬಂದ ಕೂಡಲೇ ಚಾರ್ಜರ್‌ಗೆ ಸಿಕ್ಕಿಸಿದರೆ ಬ್ಯಾಟರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟು, ಮುಟ್ಟಿದರೆ ತಣ್ಣಗಿದೆ ಎನಿಸಿದ ಮೇಲೆ ಚಾರ್ಜ್ ಮಾಡಿ. ಫ್ರಿಜ್‌ನಲ್ಲಿಡುವ ಸಾಹಸ ಬೇಡ, ಒಳಗೆ ತೇವ ಕಟ್ಟುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬಿಡಲೇಬಾರದು.

ಬೇಸಿಗೆಯಲ್ಲಿ ಸವಾರಿ ನಿಲ್ಲಿಸುವವರು ಸಾಧನವನ್ನು ಅರ್ಧ ಚಾರ್ಜ್‌ನಲ್ಲಿ, ಮನೆಯ ತಂಪಾದ ಮೂಲೆಯಲ್ಲಿ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ಸ್ವಲ್ಪ ಚಾರ್ಜ್ ಮಾಡಿದರೆ ಸಾಕು.

ವಿಶಾಖಪಟ್ಟಣಂ: ಬ್ಯಾಟರಿ ಅಲ್ಲ, ಪೋರ್ಟ್!

ರಾಮಕೃಷ್ಣ ಬೀಚ್‌ನಿಂದ ರುಷಿಕೊಂಡ ದಾಟಿ ಭೀಮಿಲಿವರೆಗಿನ ಕಡಲ ರಸ್ತೆಯಲ್ಲಿ ವಿಜಯವಾಡದಷ್ಟು ಕಾವಿಲ್ಲ. ಆದರೆ ಗಾಳಿಯಲ್ಲಿ ಉಪ್ಪಿದೆ, ಮೈತುಂಬ ಬೆವರಿದೆ. ಎರಡೂ ಸೇರಿ ಚಾರ್ಜಿಂಗ್ ಪೋರ್ಟ್‌ನ ಲೋಹದ ಕಡ್ಡಿಗಳಿಗೆ ಹಸಿರು ಬಣ್ಣದ ಕಿಲುಬು ಹಿಡಿಸುತ್ತವೆ. ಆಗ ಚಾರ್ಜ್ ಪೂರ್ತಿ ಏರುವುದೇ ಇಲ್ಲ. ಬ್ಯಾಟರಿ ಹೋಯಿತು ಎಂದು ಸವಾರ ಅಂದುಕೊಳ್ಳುತ್ತಾನೆ. ಮೊದಲು ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿ ನೋಡಿ. ಸಾಧನ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಪೋರ್ಟ್ ಒರೆಸಿ, ಪೂರ್ತಿ ಒಣಗಿದ ಮೇಲೆ ಚಾರ್ಜ್ ಮಾಡಿ. ಸವಾರಿ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ರಬ್ಬರ್ ಮುಚ್ಚಳ ಸರಿಯಾಗಿ ಒತ್ತುವುದು ರೂಢಿಯಾಗಲಿ.

ಮನೆಯಲ್ಲೇ ಪರೀಕ್ಷೆ

ಪೂರ್ತಿ ಚಾರ್ಜ್ ಮಾಡಿ, ಬ್ಯಾಕ್‌ಲೈಟ್ ಕಡಿಮೆ ಇಟ್ಟು, ದಾರಿ ತೋರಿಸುವ ನಕ್ಷೆ ಮತ್ತು ಫೋನ್ ಸಂಪರ್ಕ ಆಫ್ ಮಾಡಿ, ಬಯಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಎಷ್ಟು ಗಂಟೆ ಬರುತ್ತದೆ ನೋಡಿ. ಚೆನ್ನಾಗಿ ಬಂದರೆ ತಪ್ಪು ಸೆಟ್ಟಿಂಗ್‌ನದ್ದು. ಕಂಪನಿ ಹೇಳಿದ್ದರ ಅರ್ಧವೂ ಬರದಿದ್ದರೆ ಅಥವಾ 30 ಶೇಕಡ ತೋರಿಸುತ್ತಿದ್ದಂತೆ ಏಕಾಏಕಿ ಆಫ್ ಆದರೆ ಬ್ಯಾಟರಿ ಸೋತಿದೆ ಎಂದೇ ಅರ್ಥ.

ದೂರದ ಸವಾರಿ ಮಾಡುವವರಿಗೆ ಈ ಲೆಕ್ಕ ಮುಖ್ಯ. ಆಡಾಕ್ಸ್ ಇಂಡಿಯಾ ರ್ಯಾಂಡನರ್ಸ್‌ನ 200 ಕಿ.ಮೀ. ಬ್ರೆವೆಗೆ ಇರುವ ಗಡುವು 13 ಗಂಟೆ 30 ನಿಮಿಷ. ಹೊಸದರಲ್ಲಿ 15 ಗಂಟೆ ಬರುತ್ತಿದ್ದ ಸಾಧನದಲ್ಲಿ 70 ಶೇಕಡ ಸಾಮರ್ಥ್ಯ ಉಳಿದಿದ್ದರೆ ಹತ್ತೂವರೆ ಗಂಟೆಗೆ ಮುಗಿಯಿತು. ಕತ್ತಲಾಗುವ ಹೊತ್ತಿಗೆ, ಗೊತ್ತಿಲ್ಲದ ಊರಿನಲ್ಲಿ, ದಾರಿ ತೋರಿಸುವವರಿಲ್ಲ. ಇಂಥ ಕಡೆ ಪುಟ್ಟ ಪವರ್ ಬ್ಯಾಂಕ್ ಸಾಕು, ಬ್ಯಾಟರಿ ಬದಲಿಸುವ ಗೋಜೇ ಬೇಡ. ಒಂದೇ ಎಚ್ಚರಿಕೆ: ಕೆಲವು ಹಳೆಯ ಮಾದರಿಗಳು ಕೇಬಲ್ ಸಿಕ್ಕಿಸಿದೊಡನೆ ಕಂಪ್ಯೂಟರ್‌ಗೆ ಜೋಡಿಸಿದ್ದಾರೆಂದು ತಿಳಿದು ರೆಕಾರ್ಡಿಂಗ್ ನಿಲ್ಲಿಸುತ್ತವೆ. ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಮಳೆಯಲ್ಲಿ ಮುಚ್ಚಳ ತೆರೆದು ಚಾರ್ಜ್ ಮಾಡಬೇಡಿ.

ಬದಲಿಸಲೇಬೇಕಾದರೆ?

ಮೊದಲು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ. ಮೊಬೈಲ್ ರಿಪೇರಿ ಅಂಗಡಿಗೆ ಒಯ್ಯುವುದಾದರೆ ಮೂರು ವಿಷಯ ಗೊತ್ತಿರಲಿ. ಬ್ಯಾಟರಿಯ ಮೇಲೆ 503040 ಎಂಬಂಥ ಸಂಖ್ಯೆ ಇದ್ದರೆ ಅದು ಅಳತೆ: 5 ಮಿ.ಮೀ. ದಪ್ಪ, 30 ಮಿ.ಮೀ. ಅಗಲ, 40 ಮಿ.ಮೀ. ಉದ್ದ. ಅದೇ ಅಳತೆಯಲ್ಲಿ ದುಪ್ಪಟ್ಟು ಎಂಎಎಚ್ ಎಂದು ಬರೆದಿದ್ದರೆ ನಂಬಬೇಡಿ. ಹಳೆಯದಕ್ಕೆ ಮೂರು ವೈರ್ ಇದ್ದರೆ, ಮೂರನೆಯದು ಹೆಚ್ಚಾಗಿ ಬಿಸಿ ಅಳೆಯುವ ಸೆನ್ಸರ್‌ನದ್ದು. ಎರಡು ವೈರ್‌ನ ಬ್ಯಾಟರಿ ಹಾಕಿದರೆ ಸಾಧನ ಚಾರ್ಜ್ ಆಗದೆ ಹೋಗಬಹುದು. ಬಿಐಎಸ್‌ನ ಐಎಸ್ 16046 ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಒಮ್ಮೆ ಬಿಚ್ಚಿದ ಮೇಲೆ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಗುಣ, ಉಳಿದಿರುತ್ತದೆ ಎಂಬ ಖಾತ್ರಿಯಿಲ್ಲ. ಯುರೋಪ್ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಗ್ರಾಹಕರೇ ತೆಗೆಯುವಂತಿರಬೇಕು. ಆದರೆ ಅಲ್ಲೂ ನೀರಿನಲ್ಲಿ ಬಳಸುವ ಕೆಲವು ಉಪಕರಣಗಳಿಗೆ ವಿನಾಯಿತಿ ಇದೆ.

ಉಬ್ಬಿದ್ದರೆ ಮುಟ್ಟಬೇಡಿ

ಪರದೆ ಮೇಲೆದ್ದಿದ್ದರೆ, ಅಂಚಿನಲ್ಲಿ ಸಂದು ಕಂಡರೆ ಒಳಗೆ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿರಿ. ಚಾರ್ಜ್ ನಿಲ್ಲಿಸಿ. ಒತ್ತಿ ಕೂರಿಸುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಬೆಂಕಿಗೆ ಆಹ್ವಾನ. ಮರಳು ತುಂಬಿದ ಲೋಹದ ಡಬ್ಬಿಯಲ್ಲಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ಆದಷ್ಟು ಬೇಗ ವಿಲೇವಾರಿ ಮಾಡಿ.

ಕಸದ ಗಾಡಿಗೆ ಮಾತ್ರ ಹಾಕುವಂತಿಲ್ಲ. ಕೇಂದ್ರದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬ್ಯಾಟರಿಯನ್ನು ಮನೆಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸುವುದು ಗ್ರಾಹಕರ ಹೊಣೆ. ಹಿಂದಕ್ಕೆ ಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರದ್ದು. ಕೊಡುವ ಮುನ್ನ ಎರಡೂ ತುದಿಗೆ ಟೇಪ್ ಸುತ್ತಿ. ಸಾಧನವನ್ನೇ ಕೊಟ್ಟುಬಿಡುವುದಾದರೆ ಅದರಲ್ಲಿ ನಿಮ್ಮ ಮನೆಯಿಂದ ಶುರುವಾಗುವ ಎಲ್ಲ ಸವಾರಿಗಳ ದಾಖಲೆ ಇರುತ್ತದೆ. ಚಾರ್ಜ್ ಇರುವಾಗಲೇ ಅಳಿಸಿಬಿಡಿ.