ನೂರ ಮೂರು ಸುತ್ತು



2024ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಅವರು ಚುನಾವಣಾ ಕಣದಿಂದ ಹಿಂದೆ ಸರಿದ ವಾರದಲ್ಲಿ, ನ್ಯೂ ಜೆರ್ಸಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಮೇಷ್ಟ್ರೇ, ಇಲ್ಲಿ ಎಲ್ಲರೂ ಬ್ರೋಕರ್ಡ್ ಕನ್ವೆನ್ಷನ್ ಆಗಬಹುದು ಎನ್ನುತ್ತಿದ್ದಾರೆ. ನೀವು ಒಮ್ಮೆ ತರಗತಿಯಲ್ಲಿ ನೂರ ಮೂರು ಸಲ ಮತ ಹಾಕಿದ ಕಥೆ ಹೇಳಿದ್ದಿರಲ್ಲ, ಅದು ಇದೇ ತಾನೇ?" ಎಂದು ಕೇಳಿದ. ಆ ಸಲ ಅಂಥದ್ದೇನೂ ನಡೆಯಲಿಲ್ಲ. ಕಮಲಾ ಹ್ಯಾರಿಸ್ ಅವರ ಹೆಸರು ಸುಲಭವಾಗಿಯೇ ಅಂಗೀಕೃತವಾಯಿತು. ಆದರೆ ಮೂವತ್ತು ವರ್ಷಗಳ ಹಿಂದಿನ ಪಾಠವನ್ನು ಶಿಷ್ಯನೊಬ್ಬ ನೆನಪಿಟ್ಟುಕೊಂಡಿರುವುದು ಮೇಷ್ಟ್ರಿಗೆ ಕಡಿಮೆ ಸಂತೋಷವಲ್ಲ. ಅಂದು ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅದು ಪಠ್ಯದಲ್ಲಿದ್ದ ವಿಷಯವಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಪಾಠ ಮಾಡುವಾಗ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೆಂದು ಇಸವಿಯನ್ನು ಬಾಯಿಪಾಠ ಮಾಡಿಸಿದ ಮೇಲೆ, ಅದೇ ವರ್ಷ ಬೇರೊಂದು ದೇಶದಲ್ಲಿ ಒಂದು ಪಕ್ಷದ ಅಧಿವೇಶನ ಹೇಗೆ ನಡೆಯಿತೆಂದು ಹೇಳುವುದು ನನ್ನ ರೂಢಿಯಾಗಿತ್ತು.

ಅಮೆರಿಕದ ಪಕ್ಷಗಳು ನಾಲ್ಕು ವರ್ಷಕ್ಕೊಮ್ಮೆ ಅಧಿವೇಶನ ಸೇರಿ ಅಧ್ಯಕ್ಷ ಪದವಿಗೆ ತಮ್ಮ ಅಭ್ಯರ್ಥಿಯನ್ನು ಹೆಸರಿಸುತ್ತವೆ. ಈಗ ಆ ನಿರ್ಧಾರ ರಾಜ್ಯಗಳ ಪ್ರಾಥಮಿಕ ಚುನಾವಣೆಗಳಲ್ಲಿಯೇ ಮುಗಿದಿರುತ್ತದೆ. ಅಧಿವೇಶನ ಮದುವೆ ಮುಗಿದ ಮೇಲಿನ ಆರತಕ್ಷತೆಯಂತೆ. ಅಂದು ಹಾಗಿರಲಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಬೇಕಾದಷ್ಟು ಮತ ಬಾರದಿದ್ದರೆ ಮುಖಂಡರು ಹೋಟೆಲಿನ ಕೋಣೆಗಳಲ್ಲಿ ಕೂಡಿ ಚೌಕಾಸಿ ಮಾಡಿ ಒಂದು ಹೆಸರಿಗೆ ಬರಬೇಕಿತ್ತು. ಬ್ರೋಕರ್ಡ್ ಕನ್ವೆನ್ಷನ್ ಎಂದರೆ ಇದೇ. ತೆರೆಮರೆಯ ಪಂಚಾಯಿತಿ ಎಂದರೆ ತಪ್ಪಾಗಲಾರದು. ಡೆಮಾಕ್ರಟಿಕ್ ಪಕ್ಷದಲ್ಲಿ ಇನ್ನೊಂದು ತೊಡಕಿತ್ತು. 1832ರಿಂದ ನಡೆದುಬಂದ ನಿಯಮದಂತೆ ಅಭ್ಯರ್ಥಿಗೆ ಬರಿಯ ಬಹುಮತ ಸಾಲದು, ಮೂರನೇ ಎರಡರಷ್ಟು ಮತ ಬೇಕು. ಪಕ್ಷದಲ್ಲಿ ಒಗ್ಗಟ್ಟಿರಲಿ ಎಂಬ ಸದುದ್ದೇಶದ ಈ ನಿಯಮ, ಮೂರನೇ ಒಂದು ಭಾಗದವರು ಹಟ ಹಿಡಿದರೆ ಉಳಿದೆಲ್ಲರನ್ನೂ ಕಟ್ಟಿಹಾಕುವ ಹಗ್ಗವೂ ಆಗಿತ್ತು.

1924ರ ಜೂನ್ 24ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಕ್ಷ ಸಭೆ ಸೇರಿದಾಗ ಅದು ಹೆಸರಿಗೆ ಒಂದು, ಒಳಗೆ ಎರಡು. ಒಂದು ಕಡೆ ದಕ್ಷಿಣ ಹಾಗೂ ಪಶ್ಚಿಮದ ಗ್ರಾಮೀಣರು: ಪ್ರಾಟೆಸ್ಟೆಂಟ್ ಪಂಥದವರು, ಪಾನನಿರೋಧದ ಪರವಾದವರು. ಇನ್ನೊಂದು ಕಡೆ ಉತ್ತರದ ಮಹಾನಗರಗಳವರು: ಐರ್ಲೆಂಡ್, ಇಟಲಿ ಮೊದಲಾದ ಕಡೆಗಳಿಂದ ವಲಸೆ ಬಂದ ಕುಟುಂಬಗಳ ಕ್ಯಾಥೊಲಿಕರು, ಯಹೂದಿಗಳು, ಪಾನನಿರೋಧವೆಂದರೆ ಇವರಿಗೆ ಆಗದು. ಮೊದಲನೆಯವರ ನಾಯಕ ವಿಲಿಯಂ ಗಿಬ್ಸ್ ಮ್ಯಾಕಡೂ, ಅಧ್ಯಕ್ಷ ವಿಲ್ಸನ್ ಅವರ ಅಳಿಯ, ಅವರ ಸಂಪುಟದಲ್ಲಿ ಹಣಕಾಸು ನೋಡಿಕೊಂಡವರು. ಎರಡನೆಯವರ ನಾಯಕ ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್. ಬಡತನದಿಂದ ಶಾಲೆ ಬಿಟ್ಟು ಮೀನುಮಾರುಕಟ್ಟೆಯಲ್ಲಿ ದುಡಿದು ಮೇಲೆ ಬಂದ ಕ್ಯಾಥೊಲಿಕ್. ಈತನ ಹೆಸರನ್ನು ಸೂಚಿಸಿ ಭಾಷಣ ಮಾಡಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ ಪೋಲಿಯೊದಿಂದ ಕಾಲುಗಳ ಶಕ್ತಿ ಕಳೆದುಕೊಂಡಿದ್ದ ಅವರು ಊರುಗೋಲುಗಳ ಮೇಲೆ ವೇದಿಕೆಯತ್ತ ನಡೆದುದನ್ನು ಇಡೀ ಸಭೆ ಉಸಿರು ಬಿಗಿಹಿಡಿದು ನೋಡಿತು.

ಮತದಾನಕ್ಕೆ ಮೊದಲೇ ಪಕ್ಷ ಸೀಳಿತು; ಕಾರಣ ಮೂರು ಪದಗಳು: ಕು ಕ್ಲಕ್ಸ್ ಕ್ಲಾನ್. ಕರಿಯರು, ಕ್ಯಾಥೊಲಿಕರು, ಯಹೂದಿಗಳು, ವಲಸಿಗರು ಇವರೆಲ್ಲರನ್ನೂ ದ್ವೇಷಿಸುವ ಈ ಮುಸುಕುಧಾರಿ ಸಂಘಟನೆಗೆ ಆಗ ಲಕ್ಷಾಂತರ ಸದಸ್ಯರಿದ್ದರು. ಕೆಲವು ರಾಜ್ಯಗಳಲ್ಲಿ ಅದು ಸರ್ಕಾರಗಳನ್ನೇ ಕುಣಿಸುತ್ತಿತ್ತು. ಪಕ್ಷದ ಘೋಷಣಾಪತ್ರದಲ್ಲಿ ಅದನ್ನು ಹೆಸರಿಟ್ಟು ಖಂಡಿಸಬೇಕೆಂದು ಒಂದು ಗುಂಪು. ಹಿಂಸೆಯನ್ನು, ಅಸಹನೆಯನ್ನು ಸಾಮಾನ್ಯವಾಗಿ ಖಂಡಿಸಿದರೆ ಸಾಕು, ಹೆಸರೇಕೆ ಎಂದು ಇನ್ನೊಂದು ಗುಂಪು. ಹೆಸರಿಡಬೇಕೆಂದವರಲ್ಲಿ ಅಲಬಾಮಾದ ಸೆನೆಟರ್ ಆಸ್ಕರ್ ಅಂಡರ್‌ವುಡ್ ಮುಂಚೂಣಿಯಲ್ಲಿದ್ದರೆಂಬುದನ್ನು ಗಮನಿಸಬೇಕು. ಆತ ದಕ್ಷಿಣದವರೇ. ಈ ಮಾತಿಗಾಗಿಯೇ ದಕ್ಷಿಣದ ಬೆಂಬಲವನ್ನು ಕಳೆದುಕೊಂಡರು. ಮೂರು ಬಾರಿ ಪಕ್ಷದ ಅಭ್ಯರ್ಥಿಯಾಗಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಹೆಸರು ಬೇಡವೆಂದು ವಾದಿಸಿ, ನ್ಯೂಯಾರ್ಕಿನ ಪ್ರೇಕ್ಷಕರಿಂದ ಕೂಗಾಟ ಕೇಳಬೇಕಾಯಿತು. ಕೆಲವು ಪ್ರತಿನಿಧಿಗಳಿಗೆ ಅರ್ಧ ಮತ, ಇನ್ನು ಕೆಲವರಿಗೆ ಅದಕ್ಕಿಂತಲೂ ಚಿಕ್ಕ ಭಿನ್ನರಾಶಿಯ ಮತವಿದ್ದುದರಿಂದ ಲೆಕ್ಕ ಹಾಕುವುದೇ ಒಂದು ಸಾಹಸ. ಸಾವಿರಕ್ಕೂ ಮಿಕ್ಕಿದ ಮತಗಳಲ್ಲಿ ಸುಮಾರು ಒಂದೇ ಒಂದು ಮತದ ಅಂತರದಿಂದ, ಹೆಸರು ಬೇಡವೆಂದವರು ಗೆದ್ದರು.

ಒಟ್ಟು 1098 ಮತಗಳು, ಬೇಕಾದುದು 732. ಜೂನ್ 30ರಂದು ನಡೆದ ಮೊದಲ ಸುತ್ತಿನಲ್ಲಿ 19 ಮಂದಿಗೆ ಮತ ಬಿತ್ತು. ಮ್ಯಾಕಡೂಗೆ 431½, ಸ್ಮಿತ್‌ಗೆ 241. ಪ್ರತಿ ಸುತ್ತೂ ರಾಜ್ಯಗಳ ಅಕಾರಾದಿಯಲ್ಲಿ ಆರಂಭವಾಗುತ್ತಿದ್ದುದರಿಂದ ಅಲಬಾಮಾ ಮೊದಲು. ಅದರ ಗವರ್ನರ್ ಬ್ರ್ಯಾಂಡನ್ ಎದ್ದು ನಿಂತು, ತಮ್ಮ ರಾಜ್ಯದ 24 ಮತಗಳೂ ಅಂಡರ್‌ವುಡ್ ಅವರಿಗೆ ಎಂದು ಗಟ್ಟಿ ಧ್ವನಿಯಲ್ಲಿ ಘೋಷಿಸುತ್ತಿದ್ದರು. ರೇಡಿಯೊದಲ್ಲಿ ಅಧಿವೇಶನಗಳು ಪ್ರಸಾರವಾದ ಮೊದಲ ವರ್ಷ ಅದು. ಮನೆಮನೆಗಳಲ್ಲಿ ಜನ ಆ ಒಂದೇ ವಾಕ್ಯವನ್ನು ಕೇಳಿ ಕೇಳಿ ಅದು ದೇಶಕ್ಕೆಲ್ಲ ನಗೆಮಾತಾಯಿತು. ಪಕ್ಷದ ಮನೆಜಗಳವನ್ನು ದೇಶದ ಪಡಸಾಲೆಗೆ ತಂದು ಹಾಕಿದ್ದು ಈ ಹೊಸ ಯಂತ್ರವೇ.

ಹತ್ತು ಸುತ್ತು, ಇಪ್ಪತ್ತು, ಐವತ್ತು... ಮ್ಯಾಕಡೂ ಒಮ್ಮೆ 530ರವರೆಗೆ ಏರಿದರು. ಅರ್ಧದ ಗೆರೆಯನ್ನೂ ದಾಟಲಿಲ್ಲ. ಸ್ಮಿತ್ 368ಕ್ಕೆ ನಿಂತರು. ಆದರೆ ತಡೆಯಲು ಅಷ್ಟು ಸಾಕಿತ್ತು. ತಾನು ಗೆಲ್ಲಲಾರೆನೆಂದು ಇಬ್ಬರಿಗೂ ಗೊತ್ತು. ಎದುರಾಳಿ ಗೆಲ್ಲಬಾರದೆಂಬುದೊಂದೇ ಉಳಿದ ಗುರಿ. ಬೇಸಗೆಯ ಸೆಕೆ, ಕಿಕ್ಕಿರಿದ ಸಭಾಂಗಣ. ಪ್ರತಿನಿಧಿಗಳ ಕೈಯಲ್ಲಿನ ಹಣ ಕರಗುತ್ತಿತ್ತು. ಜುಲೈ 7ರಂದು ಎದುರು ಪಕ್ಷದ ಅಧ್ಯಕ್ಷ ಕೂಲಿಜ್ ಅವರ ಹದಿನಾರು ವರ್ಷದ ಮಗ ತೀರಿಕೊಂಡ. ಟೆನಿಸ್ ಆಡುವಾಗ ಕಾಲಿನಲ್ಲಿ ಎದ್ದ ಒಂದು ಬೊಬ್ಬೆ ನಂಜಾಗಿ ರಕ್ತಕ್ಕೇರಿತ್ತು. ಸುದ್ದಿ ತಲುಪಿದಾಗ ಅಷ್ಟು ದಿನ ಕಿರುಚಾಡಿದ ಸಭೆ ಮೌನವಾಗಿ ಮುಂದಕ್ಕೆ ಹೋಯಿತು. ಪೆನಿಸಿಲಿನ್ ಬರುವುದಕ್ಕೆ ಮುಂಚಿನ ಕಾಲ. ಈ ಭಾಗ ಹೇಳುವಾಗ ನನ್ನ ತರಗತಿಯೂ ಮೌನವಾಗುತ್ತಿತ್ತು. ಅವರೂ ಅದೇ ವಯಸ್ಸಿನವರಲ್ಲವೇ.

ನೂರು ಸುತ್ತು ಮುಗಿದ ಮೇಲೆ ಪ್ರತಿನಿಧಿಗಳಿಗೆ ಬಿಡುಗಡೆ ಸಿಕ್ಕಿತು. ಜುಲೈ 9ರಂದು, 103ನೆಯ ಸುತ್ತಿನಲ್ಲಿ, ಮೊದಲ ಸುತ್ತಿನಲ್ಲಿ 31 ಮತ ಪಡೆದಿದ್ದ ಜಾನ್ ಡೇವಿಸ್ ಆಯ್ಕೆಯಾದರು. ಪಶ್ಚಿಮ ವರ್ಜೀನಿಯಾದವರು, ಬ್ರಿಟನ್ನಿನಲ್ಲಿ ರಾಯಭಾರಿಯಾಗಿದ್ದವರು, ದೊಡ್ಡ ಬ್ಯಾಂಕುಗಳ ವಕೀಲರು. ಯಾರಿಗೂ ಬೇಡವಾದವರಲ್ಲ, ಯಾರಿಗೂ ತೀರ ಬೇಕಾದವರೂ ಅಲ್ಲ.

ಇಲ್ಲಿ ಒಂದು ಸ್ವಂತ ಮಾತು. ಬಹಳ ವರ್ಷಗಳ ಹಿಂದೆ ಒಂದು ಶಿಕ್ಷಕರ ಸಂಘದಲ್ಲಿ ಎರಡು ಬಣಗಳ ಜಗಳ ಬಿಗಡಾಯಿಸಿ, ಕೊನೆಗೆ ಇಬ್ಬರಿಗೂ ಆಗುವವನೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಹಾರ ಹಾಕಿದ ದಿನ ಹೆಮ್ಮೆಪಟ್ಟಿದ್ದೆ. ಮುಂದಿನ ಸಭೆಗೆ ಏಳು ಜನ ಬಂದಿದ್ದರು, ಅದರ ಮುಂದಿನದಕ್ಕೆ ನಾಲ್ವರು. ನನ್ನನ್ನು ಯಾರೂ ವಿರೋಧಿಸಲಿಲ್ಲ, ಬರಲಿಲ್ಲ ಅಷ್ಟೆ. ಡೇವಿಸ್ ಅವರ ಬಗ್ಗೆ ಓದುವಾಗಲೆಲ್ಲ ಆ ಖಾಲಿ ಬೆಂಚುಗಳು ಕಣ್ಣ ಮುಂದೆ ಬರುತ್ತವೆ.

ಡೇವಿಸ್ ಮಾಡಿದ ಒಂದು ಕೆಲಸ ಮಾತ್ರ ನನಗೆ ಮೆಚ್ಚುಗೆ. ಆಗಸ್ಟ್ ತಿಂಗಳಲ್ಲಿ ನ್ಯೂ ಜೆರ್ಸಿಯ ಸೀ ಗರ್ಟ್ ಎಂಬಲ್ಲಿ, ತಮ್ಮ ಪಕ್ಷ ಉಚ್ಚರಿಸಲು ಅಂಜಿದ ಹೆಸರನ್ನು ಉಚ್ಚರಿಸಿಯೇ ಅವರು ಕ್ಲಾನನ್ನು ಖಂಡಿಸಿದರು. (ಇದೇ ಮನುಷ್ಯ ಮೂವತ್ತು ವರ್ಷಗಳ ಬಳಿಕ, ಶಾಲೆಗಳಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆಬೇರೆ ಕೂರಿಸುವ ಪದ್ಧತಿಯ ಪರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿ 1954ರಲ್ಲಿ ಸೋತರೆಂದರೆ ಏನೆನ್ನುವುದು!) ನವೆಂಬರಿನಲ್ಲಿ ಅವರಿಗೆ ಬಂದದ್ದು ಶೇಕಡ 29ಕ್ಕಿಂತ ಕಡಿಮೆ ಮತ. ಆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗಳಲ್ಲಿ ಇಷ್ಟು ಕಡಿಮೆ ಪಾಲು ಪಡೆದವರು ಇನ್ನೊಬ್ಬರಿಲ್ಲ.

ಹಗೆ ಅಲ್ಲಿಗೆ ಮುಗಿಯಲಿಲ್ಲ. 1928ರಲ್ಲಿ ಸ್ಮಿತ್ ಅಭ್ಯರ್ಥಿಯಾಗಿ ಸೋತರು. 1932ರಲ್ಲಿ ಷಿಕಾಗೋದಲ್ಲಿ ಮತ್ತೆ ಕಣಕ್ಕಿಳಿದಾಗ ಎದುರಿಗಿದ್ದವರು ಹಿಂದೆ ತಮ್ಮ ಹೆಸರನ್ನು ಸೂಚಿಸಿದ್ದ ರೂಸ್‌ವೆಲ್ಟ್. ಮೂರು ಸುತ್ತು ಮುಗಿದರೂ ಮೂರನೇ ಎರಡರಷ್ಟು ದಕ್ಕಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಕ್ಯಾಲಿಫೋರ್ನಿಯಾದ 44 ಮತಗಳನ್ನು ರೂಸ್‌ವೆಲ್ಟ್‌ಗೆ ಕೊಡುವುದಾಗಿ ಒಬ್ಬ ಮುದುಕರು ವೇದಿಕೆಯಿಂದ ಘೋಷಿಸಿದರು. ಸಭಾಂಗಣದ ಮಹಡಿಯಿಂದ ಧಿಕ್ಕಾರದ ಮಳೆ. ಆ ಮುದುಕರು ಮ್ಯಾಕಡೂ. ಎಂಟು ವರ್ಷ ಕಾದು ಸ್ಮಿತ್ ಅವರ ಬಾಗಿಲನ್ನು ತಮ್ಮ ಕೈಯಿಂದಲೇ ಮುಚ್ಚಿದರು. ಸ್ಮಿತ್ ತಮ್ಮ ಮತಗಳನ್ನು ಬಿಟ್ಟುಕೊಡದೆ ಊರಿಗೆ ಹೊರಟರು.

ಮೂರನೇ ಎರಡರ ನಿಯಮವನ್ನು ಪಕ್ಷ ರದ್ದು ಮಾಡಿದ್ದು 1936ರಲ್ಲಿ. ನಿಯಮಗಳ ಸಮಿತಿಯ ಅಧ್ಯಕ್ಷರಾಗಿ ಅದನ್ನು ನಡೆಸಿಕೊಟ್ಟವರು ಬೆನೆಟ್ ಚಾಂಪ್ ಕ್ಲಾರ್ಕ್. 1912ರಲ್ಲಿ ಬಹುಮತ ಪಡೆದೂ ಇದೇ ನಿಯಮದಿಂದ ವಿಲ್ಸನ್ ಎದುರು ಸೋತ ಚಾಂಪ್ ಕ್ಲಾರ್ಕ್ ಅವರ ಮಗ.

ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಅಷ್ಟು ಸಲ ಮತ ಹಾಕೋ ಬದಲು ಚೀಟಿ ಎತ್ತಬಾರದಿತ್ತಾ?" ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆತನೇ ಈಗ ನ್ಯೂ ಜೆರ್ಸಿಯಿಂದ ದೂರವಾಣಿ ಮಾಡಿದವನು. ಅಧಿವೇಶನ ನಡೆದ ಆ ಹಳೆಯ ಗಾರ್ಡನ್ ಕಟ್ಟಡವನ್ನು ಮರುವರ್ಷವೇ ಕೆಡವಿದರು. ಈಗ ಅದೇ ಜಾಗದಲ್ಲಿ ನ್ಯೂಯಾರ್ಕ್ ಲೈಫ್ ವಿಮಾ ಕಂಪನಿಯ ಕಟ್ಟಡವಿದೆ. ಆ ಕಡೆ ಹೋದಾಗ ಒಂದು ಚಿತ್ರ ತೆಗೆದು ಕಳಿಸೆಂದು ಹೇಳಿದ್ದೇನೆ. ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ.